ಬೆಂಕಿ ಕಾಣದ ಒಲೆ

ವೈಯಾಲಿಕಾವಲಿನ ಆ ಮನೆಗೆ ಮೈಕ್ರೋವೇವ್ ಒಲೆ ಬಂದದ್ದು ಯಾರ ಆಸೆಯಿಂದಲೂ ಅಲ್ಲ, ಸೀದುಹೋದ ಒಂದು ತಪ್ಪಲೆಯ ದೆಸೆಯಿಂದ. ಟಿ.ಟಿ.ಡಿ. ದೇವಸ್ಥಾನದಿಂದ ಕೂಗಳತೆಯ ದೂರದಲ್ಲಿ, ಕೆಂಪು ಗಾರೆ ನೆಲದ ಹಳೆಯ ಮನೆ ಅದು. ಅಜ್ಜಿಗೆ ಎಪ್ಪತ್ತಾರು ವರ್ಷ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗಳು ಎರಡನೆಯ ಪಿಯುಸಿ, ವಿಜ್ಞಾನ ವಿಭಾಗ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಹೊರಟರೆ ಸಂಜೆಯವರೆಗೆ ಮನೆಯಲ್ಲಿ ಅಜ್ಜಿ ಮತ್ತು ಗೋಡೆ ಗಡಿಯಾರ, ಇಬ್ಬರೇ.

ಒಂದು ಮಧ್ಯಾಹ್ನ ಅಜ್ಜಿ ಗ್ಯಾಸ್ ಮೇಲೆ ಹುಳಿ ಬಿಸಿಗಿಟ್ಟು, ಹೊರಗೆ ಸೊಪ್ಪಿನವಳ ಕೂಗು ಕೇಳಿ ಬಾಗಿಲಿಗೆ ಹೋದರು. ಸೊಪ್ಪು ಕೊಂಡರು, ಅವಳ ಮಗಳ ಬಾಣಂತನದ ವಿಚಾರ ಕೇಳಿದರು, ಜಗಲಿಯಲ್ಲೇ ಕುಳಿತು ಸೊಪ್ಪು ಬಿಡಿಸಿದರು. ಒಲೆ ಉರಿಯುತ್ತಿದೆ ಎಂಬುದು ಮರೆತೇಹೋಯಿತು. ಹೊಗೆ ಕಂಡು ಓಡಿ ಬಂದವರು ಪಕ್ಕದ ಮನೆಯವರು. ತಪ್ಪಲೆಯ ತಳ ಕರಿಯಾದದ್ದು ಬಿಟ್ಟರೆ ಬೇರೆ ಅನಾಹುತವೇನೂ ಆಗಲಿಲ್ಲ. ಆದರೆ ಆ ರಾತ್ರಿ ಮಗ ಮೆತ್ತಗೆ ಹೇಳಿದ ಮಾತು ಮಾತ್ರ ಅಜ್ಜಿಗೆ ಬೆಂಕಿಗಿಂತ ಹೆಚ್ಚು ತಾಗಿತು: “ಅಮ್ಮಾ, ನಾವಿಲ್ಲದಾಗ ಇನ್ನು ಮೇಲೆ ನೀನು ಒಲೆ ಹಚ್ಚಬೇಡ.”

ಐವತ್ತು ವರ್ಷ ಆ ಅಡುಗೆಮನೆಯನ್ನು ಆಳಿದ ಹೆಂಗಸು. ಎದುರು ಮಾತಾಡಲಿಲ್ಲ. ಮಾರನೆಯ ದಿನದಿಂದ ಸೊಸೆ ಬೆಳಿಗ್ಗೆಯೇ ಮಾಡಿಟ್ಟ ಅನ್ನ, ಸಾರು ಆರಿ ಅಕ್ಷತೆಯಾದ ಮೇಲೆ ಒಂದು ತುತ್ತು ತಿಂದು ಏಳತೊಡಗಿದರು. ಸಂಜೆ ಪಾತ್ರೆ ತೊಳೆಯುವಾಗ ಉಳಿದ ಅನ್ನ ನೋಡಿ ಸೊಸೆಗೆ ಸಂಗತಿ ಅರ್ಥವಾಯಿತು. ಆ ತಿಂಗಳ ಸಂಬಳದಲ್ಲಿ ಮೈಕ್ರೋವೇವ್ ಒಲೆ ಬಂತು. ತಾನಾಗಿಯೇ ನಿಲ್ಲುವ ಒಲೆ. ಮರೆತರೂ ಸೀಯುವ ಭಯ ಕಡಿಮೆ ಎಂಬ ಲೆಕ್ಕ.

ಲೆಕ್ಕ ತಪ್ಪಿದ್ದು ಮೊದಲ ದಿನವೇ. ಅಜ್ಜಿ ಎಂದಿನಂತೆ ಸ್ಟೀಲ್ ಡಬರಿಯಲ್ಲಿ ಸಾರು ಹಾಕಿ, ಮುಚ್ಚಳ ಮುಚ್ಚಿ, ಒಳಗಿಟ್ಟು, ತೋರಿಸಿಕೊಟ್ಟಿದ್ದ ಗುಂಡಿ ಒತ್ತಿದರು. ಡಬರಿಯ ಕಂಠ ಒಳಗೋಡೆಗೆ ತಾಗಿದ ಕಡೆ ಚಟಚಟ ಎಂದು ನೀಲಿ ಕಿಡಿ ಹಾರಿತು. ಬಾಗಿಲು ತೆಗೆದೊಡನೆ ಕಿಡಿಯೇನೋ ನಿಂತಿತು. ಆದರೆ ಸಂಜೆ ಎಲ್ಲರೂ ಬರುವಷ್ಟರಲ್ಲಿ ಹೊಸ ಒಲೆಯ ಮೇಲೆ ಕ್ರೋಶಾ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಉಪ್ಪಿನಕಾಯಿ ಜಾಡಿ ಕುಳಿತಿದ್ದವು. “ಇದು ನಮ್ಮಂಥವರಿಗಲ್ಲ ಕಣಪ್ಪಾ,” ಎಂದುಬಿಟ್ಟರು ಅಜ್ಜಿ. ಒಂದು ತಿಂಗಳು ಆ ಯಂತ್ರ ಉಪ್ಪಿನಕಾಯಿ ಹೊರುವ ಮೇಜಾಗಿತ್ತು.

ಎಷ್ಟು ಮನೆಗಳಲ್ಲಿ ಇದೇ ಕಥೆಯಲ್ಲವೇ? ಮದುವೆ ವಾರ್ಷಿಕೋತ್ಸವಕ್ಕೋ, ಹಬ್ಬದ ರಿಯಾಯಿತಿಗೋ ಒಲೆ ಬರುತ್ತದೆ. ಜೊತೆಗೆ ಬಂದ ಪುಸ್ತಕ ಪಾಲಿಥೀನ್ ಚೀಲದಲ್ಲೇ ಉಳಿಯುತ್ತದೆ. “ಇದು ಹಾಕಬೇಡಿ, ಅದು ಮುಟ್ಟಬೇಡಿ” ಎಂಬ ಪಟ್ಟಿ ಕೇಳಿ ಕೆಲವರು ಹೆದರುತ್ತಾರೆ, ಕೆಲವರು ಏನೂ ಕೇಳದೆ ಧೈರ್ಯ ಮಾಡುತ್ತಾರೆ. ಕಾರಣ ತಿಳಿಯದ ನಿಯಮ ಎರಡೇ ದಿನದಲ್ಲಿ ಮರೆತುಹೋಗುತ್ತದೆ. ಕಾರಣ ತಿಳಿದವರಿಗೆ ನಿಯಮವನ್ನು ನೆನಪಿಡುವ ಕಷ್ಟವೇ ಇಲ್ಲ.

ದಸರಾ ರಜೆಯಲ್ಲಿ ಮೊಮ್ಮಗಳು ಪಾಲಿಥೀನ್ ಚೀಲ ಬಿಚ್ಚಿ ಆ ಪುಸ್ತಕವನ್ನು ಜೋರಾಗಿ ಓದತೊಡಗಿದಳು. ಒಂದು ಪದ ಬಂದಾಗ ಅಜ್ಜಿ ತಲೆ ಎತ್ತಿದರು.

“ಏನಂದೆ? ಮ್ಯಾಗ್ನೆಟ್ರಾನೇ?”

“ಹೌದಜ್ಜಿ. ನಿನಗೆ ಹೇಗೆ ಗೊತ್ತು?”

ಗೊತ್ತಿಲ್ಲದೇ ಏನು! ಅಜ್ಜಿಯ ಯಜಮಾನರು ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿದ್ದವರು. 1954ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ ಸೈನ್ಯಕ್ಕೆ ಬೇಕಾದ ರೇಡಾರ್‌ಗಳನ್ನೂ ಅವುಗಳ ಹೃದಯದಂತಿರುವ ಮೈಕ್ರೋವೇವ್ ಕೊಳವೆಗಳನ್ನೂ ತಯಾರಿಸಿದ ಸಂಸ್ಥೆ. ದಿನವೂ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿ ಹೋಗುತ್ತಿದ್ದ ತಾತ ಸಂಜೆ ಕಾಫಿ ಕುಡಿಯುತ್ತಾ ಎಷ್ಟೋ ಸಲ ಆ ಪದ ಆಡಿದ್ದರು. ಅದೇನೆಂದು ಅಜ್ಜಿ ಕೇಳಿರಲಿಲ್ಲ, ಅವರಾಗಿ ಹೇಳಿರಲಿಲ್ಲ. “ಅವರು ಅಲ್ಲಿ ಮಾಡುತ್ತಿದ್ದದ್ದು ಇದರೊಳಗಿದೆಯೇ?” ಎಂದು ಅಜ್ಜಿ ಉಪ್ಪಿನಕಾಯಿ ಜಾಡಿಯನ್ನು ತಾವೇ ಎತ್ತಿ ಪಕ್ಕಕ್ಕಿಟ್ಟರು.

ಇದರೊಳಗಿರುವುದು ಅದರ ತಮ್ಮ ಎನ್ನಬಹುದು. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರ್‍ಯಾಂಡಲ್ ಮತ್ತು ಬೂಟ್ ಎಂಬ ವಿಜ್ಞಾನಿಗಳು ಶಕ್ತಿಯುತವಾದ ಮ್ಯಾಗ್ನೆಟ್ರಾನ್ ರೂಪಿಸಿದ್ದು ಶತ್ರು ವಿಮಾನಗಳನ್ನು ಪತ್ತೆಹಚ್ಚುವ ರೇಡಾರ್‌ಗಾಗಿ. ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಅಮೆರಿಕದ ರೇಥಿಯನ್ ಕಂಪನಿಯ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರು ಅಂಥದೊಂದು ಉಪಕರಣದ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತಂತೆ. ಅವರು ಅದನ್ನು ನಕ್ಕು ಮರೆಯಲಿಲ್ಲ. ಜೋಳದ ಕಾಳು ತಂದು ಅರಳು ಮಾಡಿ ನೋಡಿದರು. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಒಲೆ ಆಳೆತ್ತರ, ಸುಮಾರು 340 ಕಿಲೋ ತೂಕ. ಅಡುಗೆಮನೆಯ ಕಟ್ಟೆಯ ಮೇಲೆ ಕೂರುವ ಗಾತ್ರಕ್ಕೆ ಅದು ಇಳಿದು ಮನೆಮನೆಗೆ ಹೊರಟದ್ದು 1967ರಲ್ಲಿ.

ಈ ಅಲೆಗಳ ಕಥೆ ಪರದೇಶದ್ದು ಮಾತ್ರವಲ್ಲ. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಕೆಲವೇ ಮಿಲಿಮೀಟರ್ ಉದ್ದದ ಇಂಥ ಅಲೆಗಳನ್ನು ಕಳಿಸಿ ದೂರದ ಗಂಟೆ ಬಾರಿಸಿ ತೋರಿಸಿದ್ದರು. ವೈಯಾಲಿಕಾವಲಿಗೆ ತೀರ ದೂರವಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಜೇಶ್ವರಿ ಚಟರ್ಜಿಯವರು ದಶಕಗಳ ಕಾಲ ಮೈಕ್ರೋವೇವ್ ತಂತ್ರಜ್ಞಾನವನ್ನು ಕಲಿಸಿದರು. 1922ರಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು 1953ರಲ್ಲಿ ತಾಯ್ನಾಡಿಗೆ ಮರಳಿದ ಕನ್ನಡತಿ ಅವರು. “ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಅಂತ ಮಾತ್ರ ಹೇಳಬೇಡ ಅಜ್ಜಿ,” ಎಂದು ಮೊಮ್ಮಗಳು ಮೊದಲೇ ಬಾಯಿ ಕಟ್ಟಿದಳು.

ಹಾಗಾದರೆ ಒಲೆಯೊಳಗೆ ನಡೆಯುವುದೇನು? ಮ್ಯಾಗ್ನೆಟ್ರಾನ್ ಹೊಮ್ಮಿಸುವ ಅಲೆ ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುತ್ತದೆ. ನೀರಿನ ಅಣುವಿಗೆ ಒಂದು ತುದಿ ಧನ, ಇನ್ನೊಂದು ತುದಿ ಋಣ. ಅಲೆ ತಿರುಗಿದಂತೆಲ್ಲ ಅಣುವೂ ತಿರುಗಲು ಹೆಣಗುತ್ತದೆ, ನೆರೆಯ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ, ಆ ನೂಕುನುಗ್ಗಲೇ ಶಾಖವಾಗುತ್ತದೆ. ಹೀಗೆ ಬಿಸಿಯಾಗುವುದು ಮುಖ್ಯವಾಗಿ ಆಹಾರದಲ್ಲಿರುವ ನೀರು. ಗಾಜು, ಪಿಂಗಾಣಿಗಳ ಮೂಲಕ ಅಲೆ ಹಾದುಹೋಗುತ್ತದೆ. ಅವು ಬಿಸಿಯಾಗುವುದು ಹೆಚ್ಚಾಗಿ ಆಹಾರದ ಬಿಸಿ ತಾಗಿ. ಲೋಹ ಮಾತ್ರ ಅಲೆಯನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಮುಚ್ಚಿದ ಸ್ಟೀಲ್ ಡಬರಿಯೊಳಗಿನ ಸಾರಿಗೆ ಅಲೆ ತಲುಪಲೇ ಇಲ್ಲ. ಡಬರಿಯ ಕಂಠ ಮತ್ತು ಒಲೆಯ ಗೋಡೆಯ ನಡುವೆ ವಿದ್ಯುತ್ತು ಹಾರಿ ಕಿಡಿಯಾಯಿತು. ಮೊದಲ ದಿನದ ಭೂತ ಇಷ್ಟೇ.

ಈ ಒಂದು ಕಾರಣ ತಿಳಿದರೆ ಪಾತ್ರೆಯ ಪಟ್ಟಿ ತಾನಾಗಿ ಬರುತ್ತದೆ. ಸ್ಟೀಲು, ಹಿಂಡಾಲಿಯಂ, ಹಿತ್ತಾಳೆ ಬೇಡ. ಚಿನ್ನದ ಅಂಚಿರುವ ಪಿಂಗಾಣಿ ತಟ್ಟೆ ಬೇಡ. ಆ ಅಂಚೂ ಲೋಹವೇ. ಅಲ್ಯೂಮಿನಿಯಂ ಹಾಳೆ, ಪೊಟ್ಟಣದ ಸ್ಟೇಪ್ಲರ್ ಪಿನ್ನು, ಬಟ್ಟಲಲ್ಲಿ ಮರೆತ ಚಮಚ, ಎಲ್ಲವೂ ಹೊರಗೆ. ಬೋರೋಸಿಲಿಕೇಟ್ ಗಾಜಿನ ಬಟ್ಟಲು ಒಳ್ಳೆಯದು. ಮದುವೆ ಮನೆಗಳಲ್ಲಿ ಉಡುಗೊರೆಯಾಗಿ ಬರುವ ಮೆಲಮೈನ್ ತಟ್ಟೆ ಸಲ್ಲದು. ಹೋಟೆಲಿನಿಂದ ಪಾರ್ಸೆಲ್ ಬಂದ ತೆಳು ಪ್ಲಾಸ್ಟಿಕ್ ಡಬ್ಬಿ, ಐಸ್‌ಕ್ರೀಂ ಡಬ್ಬಿಗಳೂ ಸಲ್ಲ. ಬಿಸಿಗೆ ಅವು ಸೊಟ್ಟಗಾಗುತ್ತವೆ, ಅವುಗಳಲ್ಲಿನ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದು.

ಮೊಮ್ಮಗಳು ಎರಡು ಪ್ರಯೋಗ ಮಾಡಿದಳು. ವಿದ್ಯಾರ್ಥಿಗಳು ಅಪ್ಪ ಅಮ್ಮನನ್ನು ಪಕ್ಕದಲ್ಲಿಟ್ಟುಕೊಂಡು ಮನೆಯಲ್ಲೂ ಮಾಡಬಹುದು. ಮೊದಲನೆಯದು ಹಪ್ಪಳದ್ದು. ಒಳಗಿನ ತಿರುಗುವ ಗಾಜಿನ ತಟ್ಟೆಯನ್ನೂ ಅದರ ಕೆಳಗಿನ ಉಂಗುರವನ್ನೂ ತೆಗೆದು, ತಿರುಗಣೆಯ ಮೇಲೆ ಬೇರೊಂದು ಗಾಜಿನ ತಟ್ಟೆಯನ್ನು ಅದು ತಿರುಗದಂತೆ ಬೋರಲು ಇಟ್ಟು, ಅದರ ಮೇಲೆ ದೊಡ್ಡದೊಂದು ಉದ್ದಿನ ಹಪ್ಪಳ ಹಾಕಿ ಕೆಲವೇ ಸೆಕೆಂಡು ಓಡಿಸಿದಳು. ಹಪ್ಪಳ ಎಲ್ಲ ಕಡೆ ಒಂದೇ ಸಮ ಉಬ್ಬಲಿಲ್ಲ. ಅಲ್ಲಲ್ಲಿ ಬೆಳ್ಳಗೆ ಅರಳಿ, ನಡುವೆ ಹಸಿಹಸಿಯಾಗಿಯೇ ಉಳಿಯಿತು.

“ಇದೇನೇ, ಚರ್ಮದ ಮೇಲಿನ ಬಿಳಿ ಮಚ್ಚೆಯ ಹಾಗೆ!” ಎಂದರು ಅಜ್ಜಿ.

ಪೆಟ್ಟಿಗೆಯ ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದರೊಡನೊಂದು ಸೇರಿ ನಿಂತ ಅಲೆಗಳಾಗುತ್ತವೆ. ಪಿಟೀಲಿನ ತಂತಿಯಲ್ಲಿ ಆಗುವುದೂ ಇದೇ: ಕೆಲವು ಜಾಗದಲ್ಲಿ ತಂತಿ ಜೋರಾಗಿ ಕಂಪಿಸುತ್ತದೆ, ಕೆಲವು ಜಾಗದಲ್ಲಿ ಅಲುಗುವುದೇ ಇಲ್ಲ. ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನದ ಮುಂದೆ ದಿನವೂ ಹಾದುಹೋಗುವ ಹುಡುಗಿಗೆ ಈ ಉಪಮೆ ಹೊಳೆದದ್ದು ಸಹಜ. ಒಲೆಯ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಅರಳಿದ ಎರಡು ನೆರೆಯ ಮಚ್ಚೆಗಳ ನಡುವಿನ ದೂರ ಅದರ ಅರ್ಧ, ಸರಿಸುಮಾರು 6 ಸೆಂಟಿಮೀಟರ್. ಆ ದೂರವನ್ನು ಅಳೆದು ಎರಡರಿಂದ ಗುಣಿಸಿ, ಯಂತ್ರದ ಹಿಂದೆ ಬರೆದಿರುವ 2450 ಮೆಗಾಹರ್ಟ್ಸ್‌ನಿಂದ ಗುಣಿಸಿದರೆ ಬರುವುದು ಬೆಳಕಿನ ವೇಗ, ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್! ಉದ್ದಿನ ಹಪ್ಪಳದಿಂದ ಬೆಳಕಿನ ವೇಗ ತಿಳಿಯಬಹುದೆಂದರೆ ಭೌತಶಾಸ್ತ್ರ ಒಣ ವಿಷಯವೆಂದು ಯಾರು ಹೇಳಿಯಾರು? ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಬಂದರೆ ಬೇಸರ ಬೇಡ. ಮಚ್ಚೆಗಳು ಸಾಲಾಗಿ ಮೂಡುವುದಿಲ್ಲ.

ಅಜ್ಜಿಗೆ ಬೇಕಾದದ್ದು ಬೆಳಕಿನ ವೇಗವಲ್ಲ, ಆ ಹಸಿ ಜಾಗ. ತಟ್ಟೆ ತಿರುಗುವುದು ಏಕೆ, ನಡುವೆ ಒಮ್ಮೆ ತೆಗೆದು ಕಲಸುವುದು ಏಕೆ ಎಂಬುದು ಹಪ್ಪಳ ನೋಡಿದ ಮೇಲೆ ಹೇಳಬೇಕಾಗಲಿಲ್ಲ. ಈ ಒಲೆ “ಒಳಗಿನಿಂದ ಬೇಯಿಸುತ್ತದೆ” ಎಂಬ ಮಾತೂ ಸುಳ್ಳು. ಅಲೆ ಆಹಾರದೊಳಕ್ಕೆ ಒಂದೆರಡು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಬಹಳ ಮಟ್ಟಿಗೆ ಸೋತಿರುತ್ತದೆ. ನಡುಭಾಗಕ್ಕೆ ಶಾಖ ಹರಿಯಲು ಹೊತ್ತು ಬೇಕು. ಆದ್ದರಿಂದಲೇ ಗುಂಡಿ ನಿಂತ ಮೇಲೂ ಎರಡು ನಿಮಿಷ ಬಿಡಬೇಕು. ಅನ್ನವನ್ನು ಗುಡ್ಡೆ ಹಾಕದೆ ಹರಡಿ, ಒಂದು ಚಮಚ ನೀರು ಚಿಮುಕಿಸಿ, ಸಡಿಲವಾಗಿ ಮುಚ್ಚಿದರೆ ಹಬೆಯಲ್ಲಿ ಮಲ್ಲಿಗೆಯಂತೆ ಅರಳುತ್ತದೆ. ಇಡ್ಲಿಗೂ ಅದೇ ಉಪಚಾರ. ಕಂದಮ್ಮಗಳ ಹಾಲನ್ನು ಮಾತ್ರ ಇದರಲ್ಲಿ ಕಾಯಿಸದಿರುವುದೇ ಲೇಸು. ಬಾಟಲಿ ಹೊರಗೆ ಉಗುರುಬೆಚ್ಚಗಿದ್ದರೂ ಒಳಗೆ ಎಲ್ಲೋ ಒಂದೆಡೆ ನಾಲಿಗೆ ಸುಡುವ ಹಾಲಿರಬಹುದು.

ಎರಡನೆಯ ಪ್ರಯೋಗ ನೀರಿನದು. ಗಾಜಿನ ಬಟ್ಟಲಿನಲ್ಲಿ ಒಂದು ಲೀಟರ್ ನೀರು ಹಾಕಿ ಥರ್ಮಾಮೀಟರಿನಲ್ಲಿ ಉಷ್ಣತೆ ಬರೆದುಕೊಂಡಳು: 24 ಡಿಗ್ರಿ. ಥರ್ಮಾಮೀಟರ್ ಹೊರತೆಗೆದು, ಪೂರ್ತಿ ಶಕ್ತಿಯಲ್ಲಿ ಎರಡು ನಿಮಿಷ ಕಾಯಿಸಿ, ಕಲಕಿ ಮತ್ತೆ ನೋಡಿದರೆ 46. ಏರಿದ್ದು 22 ಡಿಗ್ರಿ. ಒಂದು ಲೀಟರ್ ನೀರಿಗೆ ಒಂದು ಡಿಗ್ರಿ ಏರಲು ಸುಮಾರು 4,186 ಜೂಲ್ ಬೇಕು. 120 ಸೆಕೆಂಡಿಗೆ ಭಾಗಿಸಿದರೆ ಪ್ರತಿ ಡಿಗ್ರಿಗೆ ಸುಮಾರು 35 ವ್ಯಾಟ್. 22ನ್ನು 35ರಿಂದ ಗುಣಿಸಿದರೆ 770. ಡಬ್ಬದ ಮೇಲೆ 800 ವ್ಯಾಟ್ ಎಂದು ಅಚ್ಚಾಗಿತ್ತು. ಅಡುಗೆ ಪುಸ್ತಕದಲ್ಲಿ ಹೇಳಿದ ನಿಮಿಷ ನಮ್ಮ ಒಲೆಗೆ ಏಕೆ ಹೊಂದುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ: ಬರೆದವರ ಒಲೆಯ ವ್ಯಾಟೇ ಬೇರೆ ಇರಬಹುದು. ಮೊದಲು ಕಡಿಮೆ ಹೊತ್ತು ಇಟ್ಟು, ಸಾಲದಿದ್ದರೆ ಮತ್ತೆ ಅರ್ಧ ನಿಮಿಷ ಇಡುವುದು ಜಾಣತನ.

ನೀರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಒಲೆಯ ಮೇಲೆ ನೀರು ಕುದಿಯುವಾಗ ಗುಳ್ಳೆ ಎದ್ದು ಹೇಳುತ್ತದೆ. ನುಣುಪಾದ ಗಾಜಿನ ಲೋಟದಲ್ಲಿ ಈ ಯಂತ್ರದೊಳಗೆ ಕಾದ ನೀರು ಕೆಲವೊಮ್ಮೆ 100 ಡಿಗ್ರಿ ದಾಟಿಯೂ ಸುಮ್ಮನಿರುತ್ತದೆ. ಗುಳ್ಳೆ ಹುಟ್ಟಲು ಒಂದು ಒರಟು ನೆಲೆ ಬೇಕು. ಅಂಥ ನೀರಿಗೆ ಕಾಫಿ ಪುಡಿಯನ್ನೋ ಚಮಚವನ್ನೋ ಹಾಕಿದೊಡನೆ ಅದು ಬುಗ್ಗೆಯಂತೆ ಮುಖಕ್ಕೆ ಹಾರಬಹುದು. ನೀರಿನಲ್ಲಿ ಮೊದಲೇ ಒಂದು ಮರದ ಕಡ್ಡಿ ಇಡುವುದು, ಹೆಚ್ಚು ಹೊತ್ತು ಕಾಯಿಸದಿರುವುದು, ನಿಂತ ಮೇಲೆ ಅರ್ಧ ನಿಮಿಷ ಕಾದು ತೆಗೆಯುವುದು, ಇವಿಷ್ಟೇ ಪರಿಹಾರ. ಚಿಪ್ಪಿನೊಳಗಿನ ಮೊಟ್ಟೆ, ಬಿಗಿಯಾಗಿ ಮುಚ್ಚಿದ ಡಬ್ಬಿ ಒಳಗೆ ಹೋಗಲೇಬಾರದು. ಹಬೆಗೆ ಹಾದಿ ಇಲ್ಲದಿದ್ದರೆ ಅದು ತಾನೇ ಹಾದಿ ಮಾಡಿಕೊಳ್ಳುತ್ತದೆ. ಗೊಜ್ಜಿನ ಬದನೆಕಾಯಿ, ಆಲೂಗೆಡ್ಡೆಗಳಿಗೆ ಮುಳ್ಳು ಚಮಚದಿಂದ ನಾಲ್ಕಾರು ಕಡೆ ಚುಚ್ಚಿ ಇಡಬೇಕು.

ಇನ್ನು ಎಲ್ಲರ ಮನಸ್ಸಿನಲ್ಲೂ ಇರುವ ಭಯ. “ವಿಕಿರಣ ಅಂತಾರಲ್ಲೇ, ಅನ್ನದಲ್ಲಿ ಉಳಿಯುವುದಿಲ್ಲವೇ?” ಎಂದು ಅಜ್ಜಿ ಕೇಳಿಯೇ ಕೇಳಿದರು. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಇದೂ ಹಾಗೆಯೇ. ಬಾಗಿಲು ತೆಗೆದೊಡನೆ ಮ್ಯಾಗ್ನೆಟ್ರಾನ್ ನಿಲ್ಲುತ್ತದೆ, ಅಲೆಗಳೂ ಮುಗಿಯುತ್ತವೆ. ಎಕ್ಸ್‌ರೇಗಿರುವಂತೆ ಅಣುಗಳನ್ನು ಒಡೆಯುವ ಕಸುವು ಈ ಅಲೆಗಳಿಗಿಲ್ಲ; ಬಿಸಿ ಮಾಡುವುದಷ್ಟೇ ಅವುಗಳ ಕೆಲಸ. ಬಾಗಿಲ ಗಾಜಿನಲ್ಲಿ ಕಾಣುವ ಸಣ್ಣ ತೂತಿನ ಲೋಹದ ಜಾಲರಿ ಜರಡಿಯಂತೆ: ಬೆಳಕು ಹೊರಬರುತ್ತದೆ, 12 ಸೆಂಟಿಮೀಟರಿನ ಅಲೆ ಒಳಗೇ ಉಳಿಯುತ್ತದೆ. ಆದರೆ ಬಿಸಿ ಮಾಡುವ ಅಲೆಗೆ ಕಣ್ಣು, ಕೈ ಎಂಬ ಭೇದವಿಲ್ಲ. ಬಾಗಿಲು ಸೊಟ್ಟಗಾಗಿದ್ದರೆ, ಕೀಲು ಸಡಿಲವಾಗಿದ್ದರೆ, ಗಾಜು ಒಡೆದಿದ್ದರೆ ಆ ಒಲೆಯನ್ನು ಓಡಿಸಬಾರದು. ಬಾಗಿಲ ಅಂಚಿನಲ್ಲಿ ಸಾರು ಹೆಪ್ಪುಗಟ್ಟದಂತೆ ದಿನವೂ ಒರೆಸಬೇಕು.

ನಿಜವಾದ ಅಪಾಯ ಜನ ಹೆದರುವ ಕಡೆ ಇಲ್ಲ, ಹೆದರದ ಕಡೆ ಇದೆ. ಒಂದು, ಗೋಡೆಯ ಸಾಕೆಟ್ಟು. ವೈಯಾಲಿಕಾವಲಿನಂಥ ಹಳೆಯ ಬಡಾವಣೆಗಳ ಎಷ್ಟೋ ಅಡುಗೆಮನೆಗಳಲ್ಲಿ ಇಂದಿಗೂ ಇರುವುದು ಮಿಕ್ಸಿಗೆಂದು ಹಾಕಿಸಿದ ತೆಳು ತಂತಿ. 800 ವ್ಯಾಟ್ ಶಾಖ ಕೊಡುವ ಒಲೆ ಎಳೆಯುವುದು ಸುಮಾರು 1,200 ವ್ಯಾಟ್. ಗ್ರಿಲ್ ಇರುವುದಾದರೆ ಇನ್ನೂ ಹೆಚ್ಚು. ಭೂಸಂಪರ್ಕ ಸರಿಯಿರುವ, ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು. ಈ ಮನೆಯಲ್ಲೂ ಎಲೆಕ್ಟ್ರಿಷಿಯನ್ ಬಂದು ಹೊಸ ತಂತಿ ಎಳೆದ. ಎರಡು, ಗಾಳಿಯ ಕಿಂಡಿ. ಅಜ್ಜಿಯ ಕ್ರೋಶಾ ಬಟ್ಟೆಗೆ ದೇವರ ಮನೆಯಲ್ಲಿ ಬೇರೆ ಜಾಗ ಸಿಕ್ಕಿತು. ಮೂರು, ಮನೆಯಲ್ಲೇ ರಿಪೇರಿ. ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು. ಮಿಕ್ಸಿ ಬಿಚ್ಚಿ ನೋಡುವ ಉತ್ಸಾಹಿ ಹುಡುಗರು ಇದರ ಸ್ಕ್ರೂ ಮುಟ್ಟಲೇಬಾರದು. ನಾಲ್ಕು, ಒಳಗೆ ಬೆಂಕಿ ಕಂಡರೆ ಬಾಗಿಲು ತೆಗೆಯಬಾರದು. ಸ್ವಿಚ್ ಆರಿಸಿ ಮುಚ್ಚಿಯೇ ಬಿಟ್ಟರೆ ಗಾಳಿಯಿಲ್ಲದೆ ತಾನೇ ಆರುತ್ತದೆ. ಖಾಲಿ ಒಲೆಯನ್ನೂ ಓಡಿಸಬಾರದು. ಕುಡಿಯಲು ನೀರಿಲ್ಲದ ಅಲೆ ಮ್ಯಾಗ್ನೆಟ್ರಾನಿಗೇ ಮರಳುತ್ತದೆ.

ಐದನೆಯದು ಬೆಳಗಿನ ಅನ್ನ. ಬೆಂದ ಅನ್ನದಲ್ಲೂ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳಿವೆ. ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಅವು ಮೊಳೆತು ವಿಷ ಬಿಡುತ್ತವೆ. ಮತ್ತೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಸೊಸೆ ಈಗ ಹೊರಡುವ ಮುನ್ನ ಒಂದು ಹೊತ್ತಿನ ಅನ್ನ, ಹುಳಿಯನ್ನು ಗಾಜಿನ ಬಟ್ಟಲುಗಳಲ್ಲಿ ಹಾಕಿ, ಬಿಸಿ ಆರಿದೊಡನೆ ಫ್ರಿಜ್ಜಿನಲ್ಲಿಡುತ್ತಾರೆ. ಮಧ್ಯಾಹ್ನ ಒಮ್ಮೆ ಮಾತ್ರ, ಚೆನ್ನಾಗಿ ಹಬೆಯಾಡುವ ತನಕ ಕಾಯಿಸಬೇಕು. ಉಳಿದದ್ದನ್ನು ಮತ್ತೆ ಇಡುವಂತಿಲ್ಲ.

ಈ ಒಲೆಗೆ ಬಾರದ ಕೆಲಸಗಳೂ ಉಂಟು. ಒಗ್ಗರಣೆ ಸಿಡಿಯಬೇಕಾದದ್ದು ಸೌಟಿನಲ್ಲೇ. ಇದರಲ್ಲಿ ಎಣ್ಣೆ ಕಾಯಿಸಿ ಕರಿಯುವ ಸಾಹಸ ಬೇಡವೇ ಬೇಡ. ದೋಸೆ ಗರಿಯಾಗದು, ಚಪಾತಿ ಸ್ವಲ್ಪ ಹೊತ್ತು ಮೀರಿದರೆ ಚಕ್ಕಳ. ಎಲ್ಲ ಮನೆಗೂ ಇದು ಬೇಕೆಂದಿಲ್ಲ. ಬಿಸಿಬಿಸಿ ಬಡಿಸಲು ಒಬ್ಬರು ಮನೆಯಲ್ಲಿದ್ದರೆ ಗ್ಯಾಸ್ ಒಲೆಗೇನೂ ಕೊರತೆಯಿಲ್ಲ. ಆದರೆ ಒಂಟಿಯಾಗಿ ಉಣ್ಣುವ ವೃದ್ಧರಿಗೆ, ಶಾಲೆ ಬಿಟ್ಟು ಬೀಗ ತೆಗೆದು ಒಳಬರುವ ಮಕ್ಕಳಿಗೆ, ಉರಿಯಿಲ್ಲದೆ ತಾನೇ ನಿಲ್ಲುವ ಈ ಪೆಟ್ಟಿಗೆ ಒಂದು ಆಸರೆ. ಐದು ನಿಮಿಷ ಓಡಿದರೆ ಖರ್ಚು ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗ.

ಈಗ ಆ ಮನೆಯಲ್ಲಿ ಮಧ್ಯಾಹ್ನ ಒಂದಕ್ಕೆ ಗಾಜಿನ ಬಟ್ಟಲು ಒಳಗೆ ಹೋಗುತ್ತದೆ. ಒಂದೂವರೆ ನಿಮಿಷ, ಕಲಸುವುದು, ಮತ್ತೆ ಒಂದು ನಿಮಿಷ, ಆಮೇಲೆ ಎರಡು ನಿಮಿಷ ಸುಮ್ಮನೆ ಬಿಡುವುದು. ಆ ಎರಡು ನಿಮಿಷದಲ್ಲಿ ಅಜ್ಜಿ ಎಲೆ ಹಾಕಿ, ಉಪ್ಪಿನಕಾಯಿ ಬಡಿಸಿಕೊಳ್ಳುತ್ತಾರೆ. ಸಂಜೆ ಉಳಿದ ಅನ್ನ ಈಗ ಇರುವುದಿಲ್ಲ. ಶಾಲೆ ಮುಗಿಸಿ ಬರುವ ಪಕ್ಕದ ಮನೆಯ ಐದನೆಯ ತರಗತಿಯ ಹುಡುಗ ಒಮ್ಮೆ ಅವರ ಮನೆಯ ಸ್ಟೀಲ್ ಲೋಟ ಹಿಡಿದು, ಹಾಲು ಬಿಸಿ ಮಾಡಿಕೊಡಿ ಎಂದು ಬಂದ. ಅಜ್ಜಿ ಹಾಲನ್ನು ಗಾಜಿನ ಬಟ್ಟಲಿಗೆ ಬಗ್ಗಿಸಿಕೊಂಡರು.

“ಸ್ಟೀಲು ಯಾಕೆ ಬೇಡ ಅಜ್ಜಿ?” ಎಂದು ಹುಡುಗ ಕೇಳಿದ.

“ಇಡಬಾರದು ಅಷ್ಟೇ” ಎಂದು ಅಜ್ಜಿ ಹೇಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, “ಇದರೊಳಗೆ ಮ್ಯಾಗ್ನೆಟ್ರಾನ್ ಅಂತ ಒಂದಿದೆ ಕಣೋ. ನಮ್ಮ ತಾತ ಅದನ್ನು ಮಾಡುತ್ತಿದ್ದ ಕಾರ್ಖಾನೆಯಲ್ಲೇ ಇದ್ದದ್ದು…” ಎಂದು ಶುರು ಮಾಡಿದರು.